ಬೆಕ್ಕು ಅಂದಮೇಲೆ ಕಕ್ಕುತ್ತದೆ ಬಿಡು ಅನ್ನುವ ಮುಂಚೆ

ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಮೊದಲು ತುಟಿ ನೆಕ್ಕುವ ಚಪ್‌ಚಪ್. ಆಮೇಲೆ ಗಂಟಲಿನಿಂದ ಒಂದು ಬೇರೆ ಥರದ ಕೂಗು. ಹಸಿದಾಗ ಹಾಗೆ ಕೂಗುವುದಿಲ್ಲ, ಜಗಳಕ್ಕೆ ನಿಂತಾಗಲೂ ಇಲ್ಲ. ಅದಾದ ಮೇಲೆ ಹೊಟ್ಟೆಯನ್ನು ಯಾರೋ ಹಿಂಡಿದ ಹಾಗೆ ಬಿಟ್ಟು ಬಿಟ್ಟು ಬರುವ ‘ಹಕ್, ಹಕ್, ಹಕ್’. ನಾನು ಎದ್ದು ದೀಪ ಹಾಕುವಷ್ಟರಲ್ಲಿ ನನ್ನ ಬೆಕ್ಕು ಚುಕ್ಕಿ ಕಕ್ಕಿ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕೂತಿರುತ್ತಿದ್ದಳು. ಹಳೇ ಬಟ್ಟೆ ತಂದು ಒರೆಸುತ್ತಿದ್ದೆ. ಅವಳ ತಲೆ ಸವರಿ ಮತ್ತೆ ಮಲಗುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಮೂರು ವರ್ಷ ಎಂದು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಆಗ ಒಂದು ದಿನವೂ ಯಾಕೆ ಅಂತ ಕೇಳಿಕೊಳ್ಳಲಿಲ್ಲ. ಅಮ್ಮನಿಗೆ ಹೇಳಿದರೆ, “ಬೆಕ್ಕು ಅಂದಮೇಲೆ ಕಕ್ಕುತ್ತೆ ಬಿಡು, ಕೂದಲು ನೆಕ್ಕುತ್ತಲ್ಲ” ಅನ್ನುತ್ತಿದ್ದಳು. ಬೆಕ್ಕು ಸಾಕಿದ ಗೆಳತಿಯರನ್ನು ಕೇಳಿದರೂ ಅದೇ ಮಾತು. ಎಲ್ಲರ ಮನೆಯಲ್ಲೂ ಆಗುವುದು ನಮ್ಮ ಮನೆಯಲ್ಲೂ ಆಗುತ್ತಿದೆ ಎಂದು ಸಮಾಧಾನ ಮಾಡಿಕೊಂಡೆ. ಚುಕ್ಕಿ ತಿನ್ನುತ್ತಿದ್ದಳು, ಆಡುತ್ತಿದ್ದಳು, ರಾತ್ರಿ ನನ್ನ ಕಾಲ ಬಳಿ ಮಲಗುತ್ತಿದ್ದಳು. ಅಷ್ಟು ಸಾಕಾಗಿತ್ತು ನನಗೆ.

ವರ್ಷದ ಲಸಿಕೆಗೆ ಕರೆದುಕೊಂಡು ಹೋದಾಗ ಪಶುವೈದ್ಯರು ಅವಳನ್ನು ತೂಕದ ಮೇಲೆ ನಿಲ್ಲಿಸಿದರು. 3.9 ಕಿಲೋ. ಹಿಂದಿನ ವರ್ಷದ ಕಾರ್ಡಿನಲ್ಲಿ 4.6 ಇತ್ತು. ದಪ್ಪ ಕೂದಲಿನ ಬೆಕ್ಕು, ದಿನಾ ಎತ್ತಿಕೊಳ್ಳುವ ಕೈಗೆ ಆ ವ್ಯತ್ಯಾಸ ತಿಳಿದಿರಲಿಲ್ಲ. 70 ಕಿಲೋ ತೂಗುವ ಮನುಷ್ಯ ಹತ್ತು ಕಿಲೋಗಿಂತ ಜಾಸ್ತಿ ಇಳಿದ ಹಾಗೆ ಅದು. ಡಾಕ್ಟರು ಕೇಳಿದರು: “ವಾಂತಿ ಮಾಡುತ್ತಾಳಾ?” ಆಗಾಗ ಮಾಡುತ್ತಾಳೆ ಅಂದೆ. “ಆಗಾಗ ಅಂದರೆ ತಿಂಗಳಿಗೆ ಎಷ್ಟು ಸಲ? ತಿಂದ ಎಷ್ಟು ಹೊತ್ತಿಗೆ? ಅದರಲ್ಲಿ ಏನಿರುತ್ತದೆ?” ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. ಮೂರು ವರ್ಷ ಕೈಯಾರೆ ಒರೆಸಿದ್ದೆ. ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಅವತ್ತು ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದಿಟ್ಟೆ. ಈ ಬರಹದಲ್ಲಿ ಇರುವುದೆಲ್ಲ ಆ ನೋಟ್‌ಬುಕ್ಕಿನಿಂದ ಶುರುವಾಗಿ, ಆಮೇಲೆ ನಾನು ಓದಿ, ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡದ್ದು.

ಮೊದಲು ಕಲಿತದ್ದು, ಬೆಕ್ಕಿನ ಬಾಯಿಂದ ಹೊರಗೆ ಬಂದದ್ದೆಲ್ಲ ವಾಂತಿ ಅಲ್ಲ ಅನ್ನುವುದು. ನಿಜವಾದ ವಾಂತಿಗೆ ಮುಂಚೆ ಬೆಕ್ಕಿಗೆ ಓಕರಿಕೆ ಬರುತ್ತದೆ. ಬಾಯಲ್ಲಿ ಜೊಲ್ಲು ತುಂಬುತ್ತದೆ, ಅದಕ್ಕೇ ಆ ತುಟಿ ನೆಕ್ಕುವುದು, ಪದೇ ಪದೇ ನುಂಗುವುದು. ಹೊಟ್ಟೆಯ ಆಮ್ಲ ಮೇಲೆ ಬರುವಾಗ ಅನ್ನನಾಳ ಸುಡದಿರಲಿ ಎಂದು ಮೈ ಮಾಡಿಕೊಳ್ಳುವ ತಯಾರಿ ಅದು. ಆಮೇಲೆ ಹೊಟ್ಟೆಯ ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಸಣ್ಣಕರುಳಿನ ಮೇಲ್ಭಾಗವೂ ಉಲ್ಟಾ ದಿಕ್ಕಿಗೆ ಒತ್ತುತ್ತದೆ. ವಾಂತಿಯಲ್ಲಿ ಹಳದಿ ಪಿತ್ತ ಕಾಣುವುದು ಅದರಿಂದಲೇ.

ಇನ್ನೊಂದು ಬಗೆಯಲ್ಲಿ ಈ ಯಾವ ಹೋರಾಟವೂ ಇರುವುದಿಲ್ಲ. ಬೆಕ್ಕು ತಲೆ ತಗ್ಗಿಸುತ್ತದೆ, ತಿಂದದ್ದು ಹಾಗೇ ಜಾರಿ ಹೊರಬರುತ್ತದೆ. ಪೊಟ್ಟಣದ ಒಣ ಆಹಾರದ ಕಾಳು ಕಾಳಾಗಿಯೇ ಇರುತ್ತದೆ, ಎಷ್ಟೋ ಸಲ ಉದ್ದನೆಯ ಕೊಳವೆಯ ಆಕಾರದಲ್ಲಿ. ಆ ಆಹಾರ ಹೊಟ್ಟೆಯವರೆಗೂ ಹೋಗಿಲ್ಲ, ಅನ್ನನಾಳದಿಂದಲೇ ವಾಪಸ್ಸು ಬಂದಿದೆ. ಇದು ಪದೇ ಪದೇ ಆದರೆ ಹುಡುಕಬೇಕಾದದ್ದು ಅನ್ನನಾಳದಲ್ಲಿ. ಮೂರನೆಯದು ಕೆಮ್ಮು. ಬೆಕ್ಕು ನೆಲಕ್ಕೆ ಅಂಟಿಕೊಂಡ ಹಾಗೆ ಕುಕ್ಕರುಗಾಲಲ್ಲಿ ಕೂತು, ಕುತ್ತಿಗೆ ಮುಂದೆ ಚಾಚಿ ‘ಖ್ಹೆ ಖ್ಹೆ’ ಅನ್ನುತ್ತದೆ, ಕೊನೆಗೆ ಏನೂ ಬರುವುದಿಲ್ಲ. ಕೂದಲು ಸಿಕ್ಕಿಕೊಂಡಿದೆ, ಹೊರಗೆ ಬರುತ್ತಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಅದು ಆಸ್ತಮಾ ಇರಬಹುದು, ಬೆಕ್ಕುಗಳಿಗೂ ಆಸ್ತಮಾ ಬರುತ್ತದೆ. ಹಾಗೆ ತಿಂಗಳುಗಟ್ಟಲೆ ಕೂದಲಿನ ಔಷಧಿ ನೆಕ್ಕಿಸಿಕೊಂಡ ಆಸ್ತಮಾದ ಬೆಕ್ಕುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ.

ಈ ಮೂರನ್ನೂ ಮಾತಲ್ಲಿ ವಿವರಿಸುವುದು ಕಷ್ಟ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ತೆಗೆದು ತೋರಿಸಿದರೆ ಡಾಕ್ಟರಿಗೆ ತಕ್ಷಣ ಗೊತ್ತಾಗುತ್ತದೆ. ಸಂಕಟಪಡುವ ಬೆಕ್ಕಿನ ಮುಂದೆ ಮೊಬೈಲು ಹಿಡಿಯಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ತೆಗೆಯಿರಿ.

ನೋಟ್‌ಬುಕ್ ಇಟ್ಟ ಎರಡನೇ ವಾರಕ್ಕೇ ಒಂದು ವಿಷಯ ಹೊರಬಿತ್ತು. ಕಕ್ಕುತ್ತಿದ್ದದ್ದು ಚುಕ್ಕಿ ಒಬ್ಬಳೇ ಅಲ್ಲ. ನಮ್ಮ ಇನ್ನೊಂದು ಬೆಕ್ಕು ಕರಿಯ ಕೂಡ ಕಕ್ಕುತ್ತಿದ್ದ. ಬೆಳಗ್ಗೆ ನೆಲದ ಮೇಲೆ ಕಂಡದ್ದನ್ನೆಲ್ಲ ನಾನು ಚುಕ್ಕಿಯ ಲೆಕ್ಕಕ್ಕೇ ಹಾಕಿಬಿಟ್ಟಿದ್ದೆ. ಕರಿಯನದು ಪೂರ್ತಿ ಬೇರೆ ಥರ. ತಿಂದ ಐದು ಹತ್ತು ನಿಮಿಷದೊಳಗೆ, ಅಗಿಯದ ಕಾಳುಗಳ ಒಂದು ಗುಡ್ಡೆ. ಕಕ್ಕಿದ ಮರುಕ್ಷಣ ಮತ್ತೆ ತಟ್ಟೆಯ ಹತ್ತಿರ ಹಾಜರ್.

ಅವನು ಊಟ ಮಾಡುವುದನ್ನು ಕೂತು ನೋಡಿದೆ. ಇಬ್ಬರ ತಟ್ಟೆಗಳೂ ಅಕ್ಕಪಕ್ಕ ಇದ್ದವು. ಕರಿಯನ ಒಂದು ಕಿವಿ ಯಾವಾಗಲೂ ಚುಕ್ಕಿಯ ಕಡೆಗೆ ತಿರುಗಿರುತ್ತಿತ್ತು. ತಲೆ ಎತ್ತದೆ, ಉಸಿರು ಬಿಡದೆ ತನ್ನದನ್ನು ಮುಗಿಸಿ ಅವಳ ತಟ್ಟೆಗೆ ಬಾಯಿ ಹಾಕುತ್ತಿದ್ದ. ಬೆಕ್ಕಿನ ದವಡೆ ನಮ್ಮದರ ಹಾಗೆ ಅಕ್ಕಪಕ್ಕ ಆಡುವುದಿಲ್ಲ, ಮೇಲೆ ಕೆಳಗೆ ಮಾತ್ರ. ಅರೆದು ತಿನ್ನುವ ಹಲ್ಲು ಅದಕ್ಕಿಲ್ಲ, ಕತ್ತರಿಸಿ ನುಂಗುವ ಹಲ್ಲು ಇರುವುದು. ಸಣ್ಣ ಕಾಳಾದರೆ ಎಷ್ಟೋ ಬೆಕ್ಕುಗಳು ಕಚ್ಚುವುದೂ ಇಲ್ಲ, ಹಾಗೇ ನುಂಗುತ್ತವೆ. ಒಣ ಕಾಳು ಒಮ್ಮೆಲೇ ಹೊಟ್ಟೆ ತುಂಬಿ, ಮೇಲೆ ನೀರೂ ಸೇರಿದರೆ ಹೊಟ್ಟೆ ಹಿಗ್ಗಿ ವಾಪಸ್ಸು ಕಳಿಸುತ್ತದೆ.

ಬೆಕ್ಕಿನ ಮೈ ಎಂಥ ಊಟಕ್ಕೆ ತಯಾರಾಗಿದೆ ಎಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ಒಂದು ಸಣ್ಣ ಇಲಿಯಲ್ಲಿ ಸುಮಾರು 30 ಕ್ಯಾಲೊರಿ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 200 ಕ್ಯಾಲೊರಿ. ಅಂದರೆ ತಾನೇ ಬೇಟೆಯಾಡಿ ಬದುಕುವ ಬೆಕ್ಕು ದಿನವಿಡೀ, ರಾತ್ರಿಯೂ ಸೇರಿ, ಏಳೆಂಟು ಸಲವಾದರೂ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಅದರ ಹೊಟ್ಟೆ ಅಂಥ ತುತ್ತುಗಳಿಗೆ ಹೇಳಿ ಮಾಡಿಸಿದ್ದು. ನಾವು ನಮ್ಮ ಅನುಕೂಲಕ್ಕೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತಟ್ಟೆ ತುಂಬಿಸಿ ಇಡುತ್ತೇವೆ. ಹನ್ನೆರಡು ಗಂಟೆ ಕಾದು ಹಸಿದ ಬೆಕ್ಕು ನಾಲ್ಕು ಇಲಿಯಷ್ಟನ್ನು ಎರಡು ನಿಮಿಷದಲ್ಲಿ ನುಂಗುತ್ತದೆ. ಕಕ್ಕದೆ ಏನು ಮಾಡೀತು?

ಕರಿಯನಿಗೆ ಔಷಧಿಯೇ ಬೇಕಾಗಲಿಲ್ಲ. ಅವನ ಊಟದ ಜಾಗವನ್ನು ಬೇರೆ ಕೋಣೆಗೆ ಬದಲಾಯಿಸಿದೆ, ಬಾಗಿಲು ಹಾಕಿದೆ. ಅಷ್ಟೇ ಆಹಾರವನ್ನು ದಿನಕ್ಕೆ ಐದು ಪಾಲು ಮಾಡಿದೆ. ಒಂದು ಪಾಲನ್ನು ಅಗಲವಾದ ಚಪ್ಪಟೆ ತಟ್ಟೆಯಲ್ಲಿ ಹರಡಿದೆ, ಒಟ್ಟಿಗೆ ಬಾಯ್ತುಂಬ ಸಿಗದ ಹಾಗೆ. ಇನ್ನೊಂದನ್ನು ಮೊಟ್ಟೆ ಇಡುವ ರಟ್ಟಿನ ಟ್ರೇಯ ಗುಳಿಗಳಲ್ಲಿ ಹಾಕಿದೆ, ಪಂಜದಿಂದ ಕೆದಕಿ ತೆಗೆದು ತಿನ್ನಬೇಕು. ಮೊದಲ ದಿನ ಅವನಿಗೆ ಸಿಟ್ಟೇ ಬಂತು. ಮೂರನೇ ದಿನದ ಹೊತ್ತಿಗೆ ಟ್ರೇ ಕೈಗೆತ್ತಿಕೊಂಡರೆ ಬಾಲ ಎತ್ತಿಕೊಂಡು ಹಿಂದೆ ಹಿಂದೆ ಬರುತ್ತಿದ್ದ. ಎರಡೇ ವಾರದಲ್ಲಿ ಅವನ ವಾಂತಿ ನಿಂತಿತು. ತಟ್ಟೆ, ಟ್ರೇಗಳಿಗಿಂತ, ತನ್ನ ಪಾಲು ಯಾರೂ ಕಸಿಯುವುದಿಲ್ಲ ಅನ್ನುವ ಧೈರ್ಯವೇ ಅವನನ್ನು ನಿಧಾನ ಮಾಡಿತು ಎಂದು ನನಗೆ ಅನ್ನಿಸುತ್ತದೆ.

ಚುಕ್ಕಿಯದು ಅಷ್ಟು ಸುಲಭವಾಗಿರಲಿಲ್ಲ. ಅವಳು ತಿಂದು ನಾಲ್ಕೈದು ಗಂಟೆ ಆದಮೇಲೆ ಕಕ್ಕುತ್ತಿದ್ದಳು. ಕಂದು ಬಣ್ಣದ, ಅರ್ಧ ಜೀರ್ಣವಾದ ಆಹಾರ. ಕೆಲವೊಮ್ಮೆ ಜೊತೆಗೆ ಕೂದಲ ಉಂಡೆ. ನೋಟ್‌ಬುಕ್ಕಿನ ಮೊದಲ ತಿಂಗಳ ಲೆಕ್ಕ ಏಳು.

ಈ ಕೂದಲ ಉಂಡೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾವೆಲ್ಲ ಮೋಸ ಹೋಗುವುದು ಇಲ್ಲೇ. ಬೆಕ್ಕಿನ ನಾಲಿಗೆ ಮೇಲೆ ನೂರಾರು ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಇವುಗಳ ತುದಿಯನ್ನು ಸೂಕ್ಷ್ಮವಾಗಿ ನೋಡಿದಾಗ ಅದು ಸಣ್ಣ ಸೌಟಿನ ಹಾಗೆ ಪೊಳ್ಳಾಗಿರುವುದು ಕಂಡಿತು. ಬಾಯಿಯ ಜೊಲ್ಲನ್ನು ಅದರಲ್ಲಿ ಹಿಡಿದು ಕೂದಲಿನ ಬುಡದವರೆಗೆ ತಲುಪಿಸುತ್ತದೆ ಬೆಕ್ಕು. ಎಂಥ ಚೆಂದದ ಬಾಚಣಿಗೆ ಅಲ್ವಾ? ಆದರೆ ಆ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿವೆ. ಸಿಕ್ಕ ಕೂದಲನ್ನು ಉಗುಳುವ ದಾರಿ ಇಲ್ಲ, ನುಂಗಲೇಬೇಕು. ಪ್ರತಿ ಬೆಕ್ಕೂ ಪ್ರತಿ ದಿನವೂ ಕೂದಲು ನುಂಗುತ್ತದೆ.

ಹಾಗಿದ್ದರೆ ಎಲ್ಲ ಬೆಕ್ಕುಗಳೂ ದಿನಾ ಯಾಕೆ ಕಕ್ಕುವುದಿಲ್ಲ? ಆರೋಗ್ಯವಾಗಿರುವ ಹೊಟ್ಟೆ, ಕರುಳು ಆ ಕೂದಲನ್ನು ಮುಂದೆ ಮುಂದೆ ತಳ್ಳಿ ಮಲದಲ್ಲಿ ಹೊರಗೆ ಹಾಕುತ್ತವೆ. ಉದ್ದ ಕೂದಲಿನ ಬೆಕ್ಕು, ಅಥವಾ ಕೂದಲು ಉದುರುವ ಕಾಲ ಆದರೆ ಅಪರೂಪಕ್ಕೆ ಒಂದು ಉಂಡೆ ಮೇಲಿನಿಂದ ಬಂದೀತು, ಅದಕ್ಕೆ ಗಾಬರಿ ಬೇಡ. ವಾರ ವಾರ ಬರುತ್ತಿದೆ ಎಂದರೆ ಎರಡರಲ್ಲಿ ಒಂದು. ತುರಿಕೆ, ನೋವು, ಆತಂಕ ಯಾವುದೋ ಕಾರಣಕ್ಕೆ ಬೆಕ್ಕು ಅತಿಯಾಗಿ ನೆಕ್ಕುತ್ತಿದೆ. ಇಲ್ಲವೇ ಕರುಳು ತಳ್ಳುವ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಕೂದಲು ಆ ತೊಂದರೆಯನ್ನು ಹೊರಗೆ ತಂದು ತೋರಿಸುತ್ತಿದೆ ಅಷ್ಟೇ. ನಾವು ಕೂದಲನ್ನು ನೋಡಿ, ಓ ಇದೇ ಕಾರಣ ಎಂದು ಅಲ್ಲಿಗೇ ನಿಲ್ಲುತ್ತೇವೆ.

2013ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಡಾಕ್ಟರು ನನಗೆ ತೋರಿಸಿದರು. ದೀರ್ಘಕಾಲದ ವಾಂತಿ, ಭೇದಿ ಅಥವಾ ತೂಕ ಇಳಿಕೆ ಇದ್ದ, ಅಲ್ಟ್ರಾಸೌಂಡಿನಲ್ಲಿ ಸಣ್ಣಕರುಳಿನ ಗೋಡೆ ದಪ್ಪವಾಗಿ ಕಂಡ 100 ಬೆಕ್ಕುಗಳ ಕರುಳಿನ ತುಣುಕು ತೆಗೆದು ಪರೀಕ್ಷಿಸಿದ್ದರು. 99 ಬೆಕ್ಕುಗಳಿಗೆ ಕಾಯಿಲೆ ಇತ್ತು. ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕರುಳಿನ ಹಳೆಯ ಉರಿಯೂತ. ಉಳಿದವುಗಳಲ್ಲಿ ಬಹುಪಾಲಿಗೆ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್. ಅವು ಮೊದಲೇ ಆರಿಸಿದ ಬೆಕ್ಕುಗಳು, ದಾರಿಯಲ್ಲಿ ಕಂಡ ಎಲ್ಲ ಬೆಕ್ಕುಗಳ ಲೆಕ್ಕ ಅಲ್ಲ. ಆದರೂ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವುಗಳಲ್ಲಿ ಎಷ್ಟು ಬೆಕ್ಕುಗಳ ಬಗ್ಗೆ ಮನೆಯವರು ‘ಕೂದಲು ಕಣೇ, ಬಿಡು’ ಅಂದಿದ್ದರೋ ಅನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು.

ಚುಕ್ಕಿಗೆ ರಕ್ತ ಪರೀಕ್ಷೆ ಆಯಿತು. ಮಲ ಪರೀಕ್ಷೆಯಲ್ಲಿ ಹುಳು ಇಲ್ಲ. ಕಿಡ್ನಿ, ಲಿವರ್ ಚೆನ್ನಾಗಿವೆ. ಅವಳಿಗೆ ಒಂಬತ್ತು ವರ್ಷ ಆಗಿದ್ದರಿಂದ ಥೈರಾಯ್ಡ್ ಕೂಡ ನೋಡಿದರು. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಜಾಸ್ತಿಯಾದರೆ ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ, ವಾಂತಿಯೂ ಆಗುತ್ತದೆ. ಅವಳದು ಸರಿ ಇತ್ತು. ಬಿ12 ವಿಟಮಿನ್ ಮಾತ್ರ ಕಡಿಮೆ ಇತ್ತು. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಅದು ಮೈಗೆ ಸೇರುತ್ತದೆ, ಕಡಿಮೆ ಇದೆ ಅಂದರೆ ಕರುಳು ಸರಿ ಇಲ್ಲ ಎಂಬ ಸುಳಿವು. ಅಲ್ಟ್ರಾಸೌಂಡಿನಲ್ಲಿ ಕರುಳಿನ ಗೋಡೆ ಸ್ವಲ್ಪ ದಪ್ಪ ಕಂಡಿತು. ಮುಂದಿನ ಹೆಜ್ಜೆ ಬಯಾಪ್ಸಿ, ಅಂದರೆ ಕರುಳಿನ ತುಣುಕು ತೆಗೆದು ನೋಡುವುದು, ಇರಬಹುದು ಎಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಡಾಕ್ಟರು, “ಅವಳು ಗೆಲುವಾಗಿದ್ದಾಳೆ, ತಿನ್ನುತ್ತಿದ್ದಾಳೆ. ಮೊದಲು ಊಟ ಬದಲಾಯಿಸಿ ನೋಡೋಣ. ಆದರೆ ನೀವು ಪೂರ್ತಿ ಕಟ್ಟುನಿಟ್ಟಾಗಿ ಇರಬೇಕು” ಅಂದರು. ಬಿ12 ಚುಚ್ಚುಮದ್ದು ಶುರು ಮಾಡಿದರು.

ಊಟ ಬದಲಾಯಿಸುವುದು ಅಂದಾಗ ನನಗೆ ಇನ್ನೊಂದು ಪೊಟ್ಟಣ ತರುವುದು ಅನ್ನಿಸಿತ್ತು. ಅದನ್ನು ಮುಂಚೆಯೇ ಮಾಡಿದ್ದೆ. ಧಾನ್ಯ ಇಲ್ಲದ್ದು, ಸೂಕ್ಷ್ಮ ಹೊಟ್ಟೆಯದು, ಕೂದಲ ಉಂಡೆಗೆ ಅಂತ ಬರೆದದ್ದು, ಎಲ್ಲ ತಂದಾಗಿತ್ತು. ಅವುಗಳ ಹಿಂಬದಿಯ ಸಣ್ಣ ಅಕ್ಷರ ಓದಿದ್ದರೆ ಎಲ್ಲದರಲ್ಲೂ ಕೋಳಿ ಮತ್ತು ಮೀನು ಇರುವುದು ಕಾಣುತ್ತಿತ್ತು. ಆಹಾರ ಒಗ್ಗದ ಬೆಕ್ಕುಗಳಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದು ಧಾನ್ಯಕ್ಕಿಂತ ಹೆಚ್ಚಾಗಿ ದನದ ಮಾಂಸ, ಮೀನು, ಕೋಳಿಯ ಪ್ರೋಟೀನು. ವರ್ಷಗಟ್ಟಲೆ ತಿಂದದ್ದೇ ಒಂದು ದಿನ ಒಗ್ಗದೆ ಹೋಗುತ್ತದೆ. ‘ಮೊದಲಿಂದ ಇದನ್ನೇ ತಿನ್ನುತ್ತಾಳೆ, ಇದರಿಂದ ಆಗಿರಲಿಕ್ಕಿಲ್ಲ’ ಅನ್ನುವ ನನ್ನ ವಾದ ಆ ಒಂದು ಮಾತಿಗೆ ಬಿದ್ದುಹೋಯಿತು.

ಇದನ್ನು ಪತ್ತೆ ಮಾಡಲು ಎರಡು ದಾರಿ. ಬೆಕ್ಕು ಈವರೆಗೆ ತಿಂದೇ ಇಲ್ಲದ ಯಾವುದಾದರೂ ಪ್ರಾಣಿಯ ಮಾಂಸವಿರುವ ಆಹಾರ ಕೊಡುವುದು ಒಂದು. ಇನ್ನೊಂದು, ಪ್ರೋಟೀನನ್ನು ಮೊದಲೇ ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು ಮಾಡಿದ ಹೈಡ್ರೊಲೈಸ್ಡ್ ಆಹಾರ. ತುಣುಕು ಎಷ್ಟು ಚಿಕ್ಕದೆಂದರೆ ಮೈಯ ರಕ್ಷಣಾ ವ್ಯವಸ್ಥೆಗೆ ಅದರ ಗುರುತೇ ಸಿಗುವುದಿಲ್ಲ, ಹಾಗಾಗಿ ಅದರ ಮೇಲೆ ಸಿಟ್ಟಾಗುವುದಿಲ್ಲ. ನಾವು ಎರಡನೆಯದನ್ನು ಆರಿಸಿಕೊಂಡೆವು. ಅಂಗಡಿಯಲ್ಲಿ ಸುಮ್ನೆ ಸಿಗುವ ‘ಒಂದೇ ಮಾಂಸ’ದ ಪೊಟ್ಟಣಗಳಲ್ಲಿ ಬೇರೆ ಮಾಂಸದ ಅಂಶ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡಿದೆ, ಅದಕ್ಕೆ ವೈದ್ಯರು ಬರೆದುಕೊಡುವ ಆಹಾರವೇ ಈ ಪರೀಕ್ಷೆಗೆ ಆಗಬೇಕು.

ಹಳೆಯ ಆಹಾರಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ ಹತ್ತು ದಿನದಲ್ಲಿ ಪೂರ್ತಿ ಬದಲಾಯಿಸಿದೆ. ಒಂದೇ ದಿನಕ್ಕೆ ಬದಲಾಯಿಸಿದರೆ ಆ ಬದಲಾವಣೆಗೇ ಹೊಟ್ಟೆ ಕೆಡುತ್ತದೆ. ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಬೇರೆ ಏನೂ ಕೊಡಬಾರದು. ಒಂದು ಚೂರು ತಿಂಡಿ ಇಲ್ಲ, ಕರಿಯನ ತಟ್ಟೆಯ ಒಂದು ಕಾಳು ಇಲ್ಲ, ಮಾಂಸದ ರುಚಿ ಹಾಕಿದ ಮಾತ್ರೆಯೂ ಇಲ್ಲ. ಚುಕ್ಕಿಗೆ ಎಂಟು ವರ್ಷದಿಂದ ಒಂದು ಅಭ್ಯಾಸ. ನಾನು ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು, ಮುಂಗಾಲನ್ನು ನನ್ನ ತೊಡೆಯ ಮೇಲೆ ಇಡುತ್ತಾಳೆ. ಒಂದು ಚೂರು ಮೀನು ಸಿಗುತ್ತದೆ ಎಂಬ ನಂಬಿಕೆ. ಆ ಕಾಲನ್ನು ಮೆಲ್ಲಗೆ ಎತ್ತಿ ಕೆಳಗಿಡುವುದು ಎಷ್ಟು ಕಷ್ಟ ಎಂದು ಬೆಕ್ಕು ಸಾಕಿದವರಿಗೆ ಹೇಳಬೇಕಿಲ್ಲ. ಪ್ರೀತಿ ತೋರಿಸಲು ಅದುವರೆಗೆ ನನಗೆ ಇದ್ದ ದಾರಿ ತಿನ್ನಿಸುವುದು ಒಂದೇ ಆಗಿತ್ತು. ಪಥ್ಯ ನಡೆದ ಆ ಎಂಟು ವಾರ ಊಟವಾದ ಮೇಲೆ ಒಂದು ದಾರದ ಕೋಲು ಹಿಡಿದು ಅವಳ ಜೊತೆ ಹತ್ತು ನಿಮಿಷ ಆಡುತ್ತಿದ್ದೆ. ಆಡಿ ಆದಮೇಲೆ ಆ ಕೋಲನ್ನು ಬೀರುವಿನೊಳಗೆ ಇಡುತ್ತಿದ್ದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಚರ್ಮದ ಅಲರ್ಜಿಗಾದರೆ ಈ ಪಥ್ಯ ಎರಡು ತಿಂಗಳು ಮಾಡಿದರೂ ಸಾಲದಿರಬಹುದು. ಹೊಟ್ಟೆಯ ತೊಂದರೆಗೆ ಉತ್ತರ ಬೇಗ ಸಿಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ. ನನ್ನ ನೋಟ್‌ಬುಕ್ಕಿನಲ್ಲಿ ಹೊಸ ಆಹಾರದ ಮೊದಲ ವಾರ ಎರಡು ವಾಂತಿ. ಎರಡನೇ ವಾರ ಒಂದು. ಮೂರನೇ ವಾರದ ಪುಟ ಖಾಲಿ. ನಾಲ್ಕನೆಯದೂ ಖಾಲಿ. ಎಂಟು ವಾರದ ಕೊನೆಗೆ ತೂಕ 4.2 ಕಿಲೋ.

ಅಲ್ಲಿಗೆ ಬಿಟ್ಟುಬಿಡೋಣ ಅನ್ನಿಸಿತು. ಡಾಕ್ಟರು ಬಿಡಲಿಲ್ಲ. ಹಳೆಯದನ್ನು ಮತ್ತೆ ಕೊಟ್ಟು ನೋಡಬೇಕು, ಆಗಲೇ ಖಾತ್ರಿ ಅಂದರು. ಅವರ ಮಾತಿಗೆ ಕಾರಣವಿತ್ತು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾರಣ ಗೊತ್ತಾಗದ ಹಳೇ ಹೊಟ್ಟೆ ತೊಂದರೆಯ 55 ಬೆಕ್ಕುಗಳಿಗೆ ಇಂಥದೇ ಪಥ್ಯ ಮಾಡಿಸಿದ್ದರು. 16 ಬೆಕ್ಕುಗಳು ಪಥ್ಯದಲ್ಲಿ ಸರಿಯಾಗಿ, ಹಳೇ ಆಹಾರಕ್ಕೆ ಮರಳಿದಾಗ ಮತ್ತೆ ಕೆಟ್ಟವು. ಅವಕ್ಕೆ ಆಹಾರವೇ ಕಾರಣ. ಇನ್ನೂ 11 ಬೆಕ್ಕುಗಳು ಸರಿಯಾದವು, ಹಳೇ ಆಹಾರಕ್ಕೆ ಮರಳಿದ ಮೇಲೂ ಚೆನ್ನಾಗಿಯೇ ಇದ್ದವು. ಮರಳಿ ಕೊಟ್ಟು ನೋಡದಿದ್ದರೆ ಆ ಹನ್ನೊಂದೂ ಜೀವನಪೂರ್ತಿ ಸುಮ್ನೆ ಪಥ್ಯದಲ್ಲಿ ಇರುತ್ತಿದ್ದವು.

ಮೊದಲು ಬೇಯಿಸಿದ ಕೋಳಿ ಮಾತ್ರ, ದಿನಕ್ಕೆ ಒಂದೆರಡು ಚೂರು, ಎರಡು ವಾರ ಕೊಟ್ಟೆ. ಏನೂ ಆಗಲಿಲ್ಲ. ಆಮೇಲೆ ಮೀನು. ಎರಡನೇ ರಾತ್ರಿ ಆ ಚಪ್‌ಚಪ್ ಸದ್ದು ಕೇಳಿತು. ನಾನು ಎದ್ದು ಕೂತು ಅತ್ತೆ. ವರ್ಷಗಟ್ಟಲೆ ನಾನೇ ಕೈಯಾರೆ, ಮುದ್ದಿನಿಂದ ಕೊಟ್ಟ ಚೂರು ಅದು.

ಮನೆಯಲ್ಲೇ ಬೇಯಿಸಿ ಹಾಕಿದರೆ ಈ ಗೋಳೇ ಇಲ್ಲವಲ್ಲ ಎಂದು ಹಲವರು ನನಗೆ ಹೇಳಿದ್ದಾರೆ. ಎರಡು ದಿನ ಹೊಟ್ಟೆ ಕೆಟ್ಟಾಗ ವೈದ್ಯರು ಹೇಳಿದಂತೆ ಬೇಯಿಸಿದ ಮಾಂಸ ಕೊಡುವುದು ಸರಿ. ವರ್ಷವಿಡೀ ಅಂದಾಜಿನ ಮೇಲೆ ಅಡುಗೆ ಮಾಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬೆಕ್ಕಿನ ಮೈ ಟಾರಿನ್ ಎಂಬ ಅಮೈನೊ ಆಮ್ಲವನ್ನು ತನಗೆ ಸಾಕಾಗುವಷ್ಟು ಮಾಡಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಶುವೈದ್ಯ ಸಂಶೋಧಕರು, ಬೆಕ್ಕುಗಳ ಹೃದಯ ಹಿಗ್ಗಿ ಸೋಲುತ್ತಿದ್ದ ಒಂದು ಕಾಯಿಲೆಗೆ ಟಾರಿನ್ ಕೊರತೆಯೇ ಕಾರಣ ಎಂದು ತೋರಿಸಿದರು. ದೊಡ್ಡ ಕಂಪನಿಗಳ ಆಹಾರದಲ್ಲೇ ಆಗ ಅದು ಸಾಲುತ್ತಿರಲಿಲ್ಲ. ಆಮೇಲೆ ಎಲ್ಲರೂ ಹೆಚ್ಚಿಸಿದರು, ಆ ಕಾಯಿಲೆ ಅಪರೂಪವಾಯಿತು. ಅಷ್ಟು ತಿಳಿದವರಿಗೇ ತಪ್ಪಿದ ಲೆಕ್ಕ ನನ್ನ ಅಡುಗೆಮನೆಯಲ್ಲಿ ತಾನಾಗಿ ಸರಿಹೋಗುವುದಿಲ್ಲ. ಮನೆ ಅಡುಗೆಯೇ ಬೇಕಾದರೆ ಪಶು ಪೋಷಣೆ ಬಲ್ಲ ವೈದ್ಯರಿಂದ ಅಳತೆ ಬರೆಸಿಕೊಳ್ಳಬೇಕು.

ಬೆಳಗಿನ ಜಾವದ ಹಳದಿ ನೀರಿನ ಅಥವಾ ಬಿಳಿ ನೊರೆಯ ವಾಂತಿಗೆ ಎಷ್ಟೋ ಸಲ ಕಾರಣ ಹೊಟ್ಟೆ ತುಂಬ ಹೊತ್ತು ಖಾಲಿ ಇರುವುದು. ಮಲಗುವ ಮುಂಚೆ ಸ್ವಲ್ಪ ಆಹಾರ ಕೊಟ್ಟರೆ, ಇಲ್ಲವೇ ಹೊತ್ತಿಗೆ ತಾನೇ ತೆರೆದುಕೊಳ್ಳುವ ಡಬ್ಬಿ ಇಟ್ಟರೆ ನಿಂತುಬಿಡಬಹುದು. ಫ್ರಿಜ್‌ನಿಂದ ತೆಗೆದ ತಣ್ಣನೆಯ ಆಹಾರವನ್ನು ಹಾಗೇ ಕೊಡಬೇಡಿ, ಬೆಚ್ಚಗಾಗಲು ಬಿಡಿ. ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು, ಡಬ್ಬಿಯ ಒದ್ದೆ ಆಹಾರದಲ್ಲಿ ಮುಕ್ಕಾಲಿಗಿಂತ ಜಾಸ್ತಿ. ಬೆಕ್ಕಿಗೆ ಬಾಯಾರಿಕೆ ಕಡಿಮೆ, ತಟ್ಟೆಯಿಂದಲೇ ನೀರು ಸಿಕ್ಕರೆ ಒಳ್ಳೆಯದು. ಉದ್ದ ಕೂದಲಿನ ಬೆಕ್ಕಿಗೆ ನಾರಿನ ಅಂಶ ಹೆಚ್ಚಿರುವ ಆಹಾರ ಒಗ್ಗಬಹುದು, ಆದರೆ ದಿನಾ ಬಾಚುವುದು ಅದಕ್ಕಿಂತ ನಂಬಿಕೆಯ ಉಪಾಯ. ಬಾಚಣಿಗೆಗೆ ಬಂದ ಕೂದಲು ಹೊಟ್ಟೆಗೆ ಹೋಗುವುದಿಲ್ಲ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವಾಗುವುದಿಲ್ಲ. ಹುಲ್ಲು ತಿಂದರೆ ಬಿಡಿ, ಬಹುಪಾಲು ಬೆಕ್ಕುಗಳು ಚೆನ್ನಾಗಿರುವಾಗಲೇ ಹುಲ್ಲು ತಿನ್ನುತ್ತವೆ. ಔಷಧಿ ಹೊಡೆದ ಹುಲ್ಲಾಗಿರಬಾರದು ಅಷ್ಟೇ.

ಆ ದಾರದ ಕೋಲಿಗೆ ಬರುತ್ತೇನೆ. ಊಟ ಬದಲಾಯಿಸಿ ನೋಡೋಣ ಅನ್ನುವ ತಾಳ್ಮೆ ಎಲ್ಲ ವಾಂತಿಗೂ ಸಲ್ಲದು. ಬೆಕ್ಕಿನ ನಾಲಿಗೆಯ ಮುಳ್ಳು ಗಂಟಲ ಕಡೆಗೆ ಬಾಗಿದೆ ಅಂದೆನಲ್ಲ. ದಾರ, ರಿಬ್ಬನ್, ಉಲ್ಲನ್ ನೂಲು ಒಮ್ಮೆ ಬಾಯಿಗೆ ಹೋದರೆ ಒಳಗೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ದಾರದ ಮೇಲೆ ನೆರಿಗೆ ಕಟ್ಟಿ ಕೊನೆಗೆ ಕೊಯ್ದುಹೋಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಕಂಡರೆ ಎಳೆಯಬೇಡಿ. ಹಾಗೇ ಆಸ್ಪತ್ರೆಗೆ ಓಡಿ.

ಲಿಲ್ಲಿ ಹೂವು ಇನ್ನೊಂದು. ಎಲೆ, ಹೂ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿಯನ್ನು ಎರಡು ಮೂರು ದಿನದಲ್ಲಿ ಹಾಳುಮಾಡಬಲ್ಲದು. ಮೊದಲು ಕಾಣುವ ಲಕ್ಷಣ ಬರೀ ವಾಂತಿ. ಅದು ನಿಂತ ಮೇಲೆ ಬೆಕ್ಕು ಸರಿಯಾಯಿತು ಅನ್ನಿಸುತ್ತದೆ, ಆ ಹೊತ್ತಿಗೆ ಒಳಗೆ ಕಿಡ್ನಿ ಕೆಡುತ್ತಿರುತ್ತದೆ. ಬೆಕ್ಕು ಇರುವ ಮನೆಯೊಳಗೆ ಲಿಲ್ಲಿ ಬರಲೇಬಾರದು ಅನ್ನುವುದು ನನ್ನ ಗಟ್ಟಿ ಮಾತು. ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ಪ್ರಾಣಾಂತಿಕ, ಒಂದು ಮಾತ್ರೆ ಸಾಕು. ವಿಷ ತಿಂದಿದೆ ಎಂದು ಉಪ್ಪು ನೀರನ್ನೋ ಇನ್ನೇನನ್ನೋ ಕುಡಿಸಿ ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ.

ಒಂದೇ ದಿನದಲ್ಲಿ ನಾಲ್ಕೈದು ಸಲ ವಾಂತಿ, ಕುಡಿದ ನೀರೂ ನಿಲ್ಲದಿರುವುದು, ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು, ಮಂಕಾಗಿ ಮೂಲೆ ಸೇರುವುದು, ಮೂತ್ರ ಮಾಡಲು ತಿಣುಕುವುದು, ಇವಕ್ಕೆ ಬೆಳಗಾಗಲಿ ಎಂದು ಕಾಯಬಾರದು. ಇನ್ನೊಂದು ತಪ್ಪು ನಂಬಿಕೆ ಇದೆ, ಹೊಟ್ಟೆಗೆ ವಿಶ್ರಾಂತಿ ಅಂತ ಎರಡು ದಿನ ಉಪವಾಸ ಕೆಡವುವುದು. ಬೆಕ್ಕಿಗೆ ಅದು ಅಪಾಯ. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿನಲ್ಲಿ ತುಂಬಿಕೊಳ್ಳುತ್ತದೆ, ಜೀವಕ್ಕೇ ಕುತ್ತಾಗುತ್ತದೆ. ಒಂದು ಇಡೀ ದಿನ ಬೆಕ್ಕು ತಟ್ಟೆ ಮುಟ್ಟದಿದ್ದರೆ ಅದೇ ಸಾಕು ಡಾಕ್ಟರಿಗೆ ಫೋನ್ ಮಾಡಲು.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಕಾಲು ನೋಯುತ್ತಿದ್ದರೆ ಕುಂಟುವುದಿಲ್ಲ, ಹತ್ತುವುದನ್ನು ನಿಲ್ಲಿಸುತ್ತದೆ. ಹಲ್ಲು ನೋಯುತ್ತಿದ್ದರೆ ಅಳುವುದಿಲ್ಲ, ಒಂದೇ ಕಡೆ ಅಗಿಯುತ್ತದೆ. ಚುಕ್ಕಿಗೆ ಮೂರು ವರ್ಷ ಕರುಳು ಉರಿಯುತ್ತಿತ್ತು. ಅಷ್ಟರಲ್ಲಿ ಅವಳು ಬಚ್ಚಿಡಲಾಗದೆ ಹೋದದ್ದು ವಾಂತಿ ಒಂದನ್ನೇ. ಕಣ್ಣಿಗೆ ಕಾಣುವ ಹಾಗೆ, ನೆಲದ ಮೇಲೆ, ವಾರ ವಾರ. ನಾನು ಅದನ್ನೇ ಒರೆಸಿ ಎಸೆಯುತ್ತಿದ್ದೆ.

ಈಗ ಅವಳಿಗೆ ಹನ್ನೊಂದು. ಡಾಕ್ಟರು ಆರು ತಿಂಗಳಿಗೊಮ್ಮೆ ನೋಡುತ್ತಾರೆ, ಕರುಳಿನ ಗೋಡೆ ಮೊದಲಿಗಿಂತ ತೆಳುವಾಗಿದೆ. ಉರಿಯೂತ ಮುಂದೆ ಬೇರೆ ರೂಪ ತಾಳದು ಎಂದು ಯಾರೂ ಬರೆದುಕೊಡಲಾರರು, ಅದಕ್ಕೇ ತಿಂಗಳಿಗೊಮ್ಮೆ ಮನೆಯಲ್ಲೇ ತೂಕ ನೋಡುತ್ತೇನೆ. ಮೊದಲು ಅವಳನ್ನು ಎತ್ತಿಕೊಂಡು ತೂಕದ ಮೇಲೆ ನಿಲ್ಲುವುದು, ಆಮೇಲೆ ನಾನೊಬ್ಬಳೇ ನಿಂತು ಕಳೆಯುವುದು. ನೋಟ್‌ಬುಕ್ ಫ್ರಿಜ್ಜಿನ ಪಕ್ಕದಲ್ಲೇ ಇದೆ. ಈ ತಿಂಗಳ ಪುಟದಲ್ಲಿ ಎರಡೇ ಸಾಲು. ‘5ನೇ ತಾರೀಖು, 4.4 ಕಿಲೋ.’ ‘19ನೇ ತಾರೀಖು, ಒಂದು ಕೂದಲುಂಡೆ, ಅದರಲ್ಲಿ ಊಟ ಇಲ್ಲ, ಪಿತ್ತ ಇಲ್ಲ, ಅರ್ಧ ಗಂಟೆಗೆ ಆಡಿದಳು.’ ರಾತ್ರಿ ಹನ್ನೊಂದರ ಪಾಲು ಇನ್ನೂ ಹಾಕಿಲ್ಲ. ಕರಿಯ ತನ್ನ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದಾನೆ. ಚುಕ್ಕಿ ಇಲ್ಲೇ ಪಕ್ಕದಲ್ಲಿದ್ದಾಳೆ, ಮುಂಗಾಲು ನನ್ನ ತೊಡೆಯ ಮೇಲೆ.